ಸಂಬಳ ಏರಿಕೆ: ಬಾಯಿಮಾತಿಗಿಂತ ಒಂದು ಪುಟ ಮೇಲು

ಮಾನ್ಯ ಸಂಪಾದಕರೇ,

ಸಂಬಳ ಹೆಚ್ಚಿಸಿ ಎಂದು ಕೇಳುವುದಕ್ಕೆ ಧೈರ್ಯ ಬೇಕು ಎನ್ನುತ್ತಾರೆ. ಧೈರ್ಯವಿದ್ದೂ ಬರಿಗೈಯಲ್ಲಿ ಹಿಂದಿರುಗುವವರು ಬೇಕಾದಷ್ಟು ಮಂದಿ. ನಮ್ಮ ಮಾತು ಕೇಳಿಸಿಕೊಳ್ಳುವ ಮ್ಯಾನೇಜರ್‌ಗೆ ಎಷ್ಟೋ ಕಡೆ ಮಂಜೂರು ಮಾಡುವ ಅಧಿಕಾರವೇ ಇರುವುದಿಲ್ಲ. ಅವರು ಅದನ್ನು ಮೇಲಿನವರ ಮುಂದೆ, ಎಚ್‌ಆರ್ ಮುಂದೆ, ಹಣಕಾಸು ವಿಭಾಗದ ಮುಂದೆ ಸಮರ್ಥಿಸಬೇಕು. ಅಲ್ಲಿ ನಾವಿರುವುದಿಲ್ಲ. ಹಾಗಾಗಿ ಅವರು ಇದ್ದಂತೆಯೇ ಮೇಲಕ್ಕೆ ಕಳಿಸಬಹುದಾದ ಒಂದು ಪುಟ ಬರೆದುಕೊಡುವುದು ಲೇಸು.

ಆ ಪುಟದಲ್ಲಿ ಮೊದಲಿಗೆ, ಈಗಿನ ಸಂಬಳ ನಿಗದಿಯಾದಾಗ ಇದ್ದ ಕೆಲಸ ಮತ್ತು ಇವತ್ತು ಮಾಡುತ್ತಿರುವ ಕೆಲಸ ಅಕ್ಕಪಕ್ಕ ಇರಲಿ. ಇಬ್ಬರ ತಂಡ ಆರು ಜನರದ್ದಾಗಿದ್ದರೆ, ಬಿಟ್ಟುಹೋದವರ ಕೆಲಸ ನಿಮ್ಮ ತಲೆಗೆ ಬಂದಿದ್ದರೆ, ಯಾವ ತಿಂಗಳಿಂದ ಎಂಬುದನ್ನೂ ಸೇರಿಸಿ. ಆಮೇಲೆ ಮೂರೇ ಮೂರು ಫಲಿತಾಂಶ. ಹತ್ತು ಬರೆದರೆ ಓದುವವರ ಕಣ್ಣು ಸಪ್ಪೆಯಾದ ಒಂದರ ಮೇಲೇ ನಿಲ್ಲುತ್ತದೆ. ‘ತುಂಬಾ ಶ್ರಮಪಟ್ಟೆ’ ಎನ್ನುವುದರಿಂದ ಯಾರಿಗೂ ಏನೂ ತಿಳಿಯದು. ‘ತಿಂಗಳ ಲೆಕ್ಕ ಮುಗಿಸಲು 9 ದಿನ ಹಿಡಿಯುತ್ತಿತ್ತು, ಈಗ 5’ ಎಂದರೆ ತಿಳಿಯುತ್ತದೆ. ನೇರವಾಗಿ ಹಣ ತರದ ಕೆಲಸದಲ್ಲೂ ಎಣಿಸುವಂಥದ್ದು ಇದ್ದೇ ಇರುತ್ತದೆ: ಬಾಕಿ ಉಳಿದ ಕಡತ, ಬಂದ ದೂರು, ತರಬೇತಿ ಕೊಟ್ಟ ಹೊಸಬರು. ವಾರಕ್ಕೊಮ್ಮೆ ಐದು ನಿಮಿಷ ಕೂತು ಇದನ್ನೆಲ್ಲ ಬರೆದಿಟ್ಟುಕೊಳ್ಳದಿದ್ದರೆ, ಕೇಳುವ ಹೊತ್ತಿಗೆ ಕಳೆದೆರಡು ತಿಂಗಳದ್ದು ಮಾತ್ರ ನೆನಪಿರುತ್ತದೆ. ನಿಮಗೂ, ಮ್ಯಾನೇಜರ್‌ಗೂ.

ಕೊನೆಯ ಸಾಲಿನಲ್ಲಿ ಮೊತ್ತ. ‘ಶೇ 10ರಿಂದ 15’ ಎಂದರೆ ಎದುರಿನವರ ಕಿವಿಗೆ ಬೀಳುವುದು 10 ಮಾತ್ರ. ಒಂದೇ ಅಂಕಿ ಹೇಳಿ. ಮೊದಲು ಕೇಳಿದ ಅಂಕಿ ಮನಸ್ಸನ್ನು ಎಷ್ಟು ಎಳೆಯುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞರಾದ ಟ್ವೆರ್ಸ್ಕಿ ಮತ್ತು ಕಾಹ್ನೆಮನ್ 1974ರಲ್ಲೇ ತೋರಿಸಿದ್ದರು. ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳ ಪಾಲೆಷ್ಟು ಎಂದು ಕೇಳುವ ಮೊದಲು ಅವರು ಅಂಕಿಗಳಿದ್ದ ಒಂದು ಚಕ್ರ ತಿರುಗಿಸಿದರು. ಅದು 10ಕ್ಕೆ ನಿಂತದ್ದನ್ನು ಕಂಡವರ ಉತ್ತರಗಳ ಮಧ್ಯಾಂಕ (ಏರಿಕೆಯ ಕ್ರಮದಲ್ಲಿಟ್ಟಾಗ ನಟ್ಟನಡುವೆ ಬರುವುದು) ಶೇ 25, 65ಕ್ಕೆ ನಿಂತದ್ದನ್ನು ಕಂಡವರದು ಶೇ 45! ಹಾಗೆಂದು ಬಾಯಿಗೆ ಬಂದ ಅಂಕಿ ಹೇಳಿದರೆ ನಗೆಪಾಟಲು. ಅದೇ ಹುದ್ದೆ, ಅಷ್ಟೇ ಅನುಭವಕ್ಕೆ ಬೇರೆಡೆ ಏನು ಸಿಗುತ್ತಿದೆ ಎಂಬುದನ್ನು ಕನಿಷ್ಠ ಮೂರು ಕಡೆಯಿಂದ ತಿಳಿದುಕೊಂಡಿರಬೇಕು. ಹೋಲಿಸುವಾಗ ಬೋನಸ್ ಬಿಟ್ಟು ಖಾಯಂ ಸಂಬಳವನ್ನಷ್ಟೇ ಹಿಡಿಯಿರಿ. ಪಕ್ಕದ ಮೇಜಿನವರ ಸಂಬಳದ ಮಾತಂತೂ ಬೇಡ. ಚರ್ಚೆ ಅವರ ಮೇಲೆ ತಿರುಗಿ ನಿಮ್ಮ ಕೆಲಸ ಬದಿಗೆ ಸರಿಯುತ್ತದೆ.

ಬೆಲೆ ಏರಿಕೆಯ ಲೆಕ್ಕ ನಿಮ್ಮ ಹತ್ತಿರವೇ ಇರಲಿ. ಬೆಲೆಗಳು ಶೇ 6 ಏರಿ ಸಂಬಳ ಶೇ 5 ಏರಿದರೆ, 105ನ್ನು 106ರಿಂದ ಭಾಗಿಸಿ ನೋಡಿ: ಕೊಳ್ಳುವ ಶಕ್ತಿ ಸುಮಾರು ಶೇ 1 ಇಳಿದಿದೆ. ಎಷ್ಟಕ್ಕಿಂತ ಕಡಿಮೆಗೆ ಒಪ್ಪಬಾರದು ಎಂದು ತಿಳಿಯಲು ಇದು ಬೇಕು. ಆದರೆ ಇದನ್ನೇ ವಾದ ಮಾಡಿಕೊಂಡರೆ ಎಲ್ಲರಿಗೂ ಕೊಡುವಷ್ಟೇ ನಿಮಗೂ ಸಿಗುತ್ತದೆ, ಏಕೆಂದರೆ ಬೆಲೆ ಏರಿದ್ದು ಎಲ್ಲರಿಗೂ. ಮನೆ ಸಾಲ, ಮಕ್ಕಳ ಫೀಸು ಎಷ್ಟೇ ನಿಜವಾದರೂ ಮ್ಯಾನೇಜರ್ ಅದನ್ನು ಮೇಲಕ್ಕೆ ಬರೆದು ಕಳಿಸಲಾರರು.

ಎಡವುವುದು ಹೆಚ್ಚಾಗಿ ಸಮಯದಲ್ಲಿ. ವಾರ್ಷಿಕ ಮೌಲ್ಯಮಾಪನದ ದಿನ ಕೇಳುವಷ್ಟರಲ್ಲಿ ಹಣ ಹಂಚಿಕೆ ಮುಗಿದಿರುತ್ತದೆ. ಬಜೆಟ್ ಯಾವ ತಿಂಗಳು ಮೇಲೆ ಹೋಗುತ್ತದೆ ಎಂದು ಎಚ್‌ಆರ್‌ನಲ್ಲಿ ವಿಚಾರಿಸಿ, ಅದಕ್ಕೆ ಎರಡು ಮೂರು ತಿಂಗಳು ಮುಂಚೆ, ವಿಷಯ ತಿಳಿಸಿಯೇ ಮ್ಯಾನೇಜರ್ ಹತ್ತಿರ ಅರ್ಧ ಗಂಟೆ ಸಮಯ ಕೇಳಿ. (ಆ ತಿಂಗಳನ್ನೂ ಗುಟ್ಟಾಗಿಡುವ ಸಂಸ್ಥೆಗಳಿವೆ. ಅದರಿಂದ ಅವರಿಗೆ ಏನು ಲಾಭವೋ!) ಮೊತ್ತ ಹೇಳಿದ ಮೇಲೆ ಸುಮ್ಮನಿರಿ, ಮೌನ ತಾಳದೆ ‘ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ’ ಎಂದು ತಾವೇ ಇಳಿಸಿಕೊಳ್ಳುವವರಿದ್ದಾರೆ. ಬೇರೆ ಕಡೆಯ ಆಫರ್ ತೋರಿಸುವುದು ನಿಜಕ್ಕೂ ಹೋಗಲು ಸಿದ್ಧರಿದ್ದರೆ ಮಾತ್ರ. ‘ಹೋಗಿ ಬನ್ನಿ’ ಎಂದುಬಿಟ್ಟರೆ?

ಏರಿಕೆಯ ಬದಲು ಬೋನಸ್ ಕೊಡುತ್ತೇವೆ ಎಂದರೆ ಯೋಚಿಸಿ. ಬೋನಸ್ ಆ ವರ್ಷಕ್ಕೇ ಮುಗಿಯುತ್ತದೆ. ಮೂಲ ಸಂಬಳಕ್ಕೆ ಸೇರಿದ್ದು ಮುಂದಿನ ಪ್ರತಿ ಏರಿಕೆಗೂ ಬುನಾದಿ.

ಇನ್ನು ‘ನೋಡೋಣ’ ಎಂಬ ಉತ್ತರ. ಅದನ್ನು ಹಿಡಿದುಕೊಂಡು ಹೊರಗೆ ಬರಬೇಡಿ. ಯಾವ ಫಲಿತಾಂಶ ತೋರಿಸಬೇಕು, ಎಷ್ಟರೊಳಗೆ, ತೀರ್ಮಾನ ಯಾರದು, ಮತ್ತೆ ಕೂರುವುದು ಯಾವ ತಾರೀಖು ಎಂದು ಅಲ್ಲೇ ಕೇಳಿ, ಆ ಸಂಜೆಯೇ ನಾಲ್ಕು ಸಾಲಿನ ಇಮೇಲ್‌ನಲ್ಲಿ ಬರೆದು ಕಳಿಸಿ. ಮ್ಯಾನೇಜರ್ ಬದಲಾದರೂ ಆ ಇಮೇಲ್ ಉಳಿದಿರುತ್ತದೆ.

ಇತಿ,
ಮಾನವ ಸಂಪನ್ಮೂಲ ವಿಭಾಗದ ಒಬ್ಬ ಓದುಗ