ವಾಚನಾಲಯದ ಕಿಟಕಿ ಗಾಜು: ಆದಿತ್ಯವಾರ ಸಭೆ

ಎಲ್ಲರಿಗೂ ನಮಸ್ಕಾರ.

ವಾಚನಾಲಯದ ಪಡುಬದಿಯ ಆರು ಕಿಟಕಿಗಳ ಗಾಜು ಬದಲಿಸುವ ಬಗ್ಗೆ ಆದಿತ್ಯವಾರ ಸಂಜೆ 4ಕ್ಕೆ ಸಭೆ ಇದೆ. ಜಾತ್ರೆಯ ಬೆಡಿ (ಸಿಡಿಮದ್ದು) ಸುಡುವ ಗದ್ದೆ ಇರುವುದು ಆ ಬದಿಗೇ, ಮಕ್ಕಳು ಓದುವ ಮೇಜೂ ಅಲ್ಲೇ.

ಕಳೆದ ಬೆಡಿಯ ಮಾರನೇ ದಿನ ಗುಡಿಸುವಾಗ ಆ ಮೇಜಿನಡಿ ಗೇಣುದ್ದದ ಗಾಜಿನ ಚೂರು ಸಿಕ್ಕಿತು. ಮೀನು ಕತ್ತರಿಸುವ ಕತ್ತಿಯಷ್ಟು ಹರಿತ. ಅಲ್ಲೊಂದು ಮಗು ಕೂತಿದ್ದರೆ ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. 2024ರ ಅಕ್ಟೋಬರಿನಲ್ಲಿ ನಮ್ಮದೇ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ ಪಟಾಕಿ ದಾಸ್ತಾನು ಸಿಡಿದು 150ಕ್ಕೂ ಹೆಚ್ಚು ಜನ ಗಾಯಗೊಂಡರು. 2020ರ ಬೈರೂತ್ ಬಂದರು ಸ್ಫೋಟದಲ್ಲಿ ಬೆಂಕಿ ನೋಡಲು ಕಿಟಕಿ ಬಳಿ ನಿಂತ ಎಷ್ಟೋ ಮಂದಿಯನ್ನು ಸೀಳಿದ್ದು ಗಾಜೇ.

ನಮಗೆ ಬೇಕಾದದ್ದು ಲ್ಯಾಮಿನೇಟೆಡ್ ಗಾಜು. ಎರಡು ಗಾಜುಗಳ ನಡುವೆ ಪಿವಿಬಿ ಎಂಬ ಪ್ಲಾಸ್ಟಿಕ್ ಪದರ ಇರುತ್ತದೆ. ಕಾರಿನ ಮುಂದಿನ ಗಾಜೂ ಇದೇ ಜಾತಿ. ಒಡೆದರೂ ಚೂರುಗಳು ಪದರಕ್ಕೆ ಅಂಟಿಕೊಂಡೇ ಉಳಿಯುತ್ತವೆ. ಟಫನ್ಡ್, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜು, ಸಾಲದೇ ಎಂದು ಕೆಲವರು ಕೇಳಿದ್ದೀರಿ. ಅದು ಹರಳು ಹರಳಾಗಿ ಒಡೆಯುವುದು ನಿಜ, ಆದರೆ ಸ್ಫೋಟದ ರಭಸಕ್ಕೆ ಆ ಹರಳುಗಳೆಲ್ಲ ಒಳಗೆ ಹಾರುತ್ತವೆ. ಪದರ 0.38 ಮಿ.ಮೀ. ದಪ್ಪದಿಂದಲೇ ಸಿಗುತ್ತದೆ, ನಾವು 1.52ರದ್ದನ್ನೇ ಕೇಳೋಣ. ಚೌಕಟ್ಟು ಗಟ್ಟಿ ಇಲ್ಲದಿದ್ದರೆ ಇಡೀ ಗಾಜೇ ಕಿತ್ತು ಒಳಗೆ ಬರುತ್ತದೆ, ನಮ್ಮ ಎರಡು ಚೌಕಟ್ಟುಗಳಿಗೆ ಗೆದ್ದಲು ಹಿಡಿದಿದೆ. ಅದನ್ನು ಮೊದಲು ಸರಿಮಾಡಬೇಕು.

ಶನಿವಾರ ಬೆಳಿಗ್ಗೆ ಅಳತೆ ತೆಗೆಯಲು ಇಬ್ಬರು ಬೇಕು. ಕಾಸರಗೋಡು, ಮಂಗಳೂರಿನ ಗಾಜಿನ ಅಂಗಡಿಗಳ ಪರಿಚಯ ಇರುವವರು ದರ ವಿಚಾರಿಸಿ ಬನ್ನಿ. ಸಭೆಗೆ ಬರುವವರು ಶುಕ್ರವಾರದೊಳಗೆ ಇಲ್ಲೇ ತಿಳಿಸಿ. ಅಲ್ಲಿವರೆಗೆ ಮಕ್ಕಳ ಮೇಜನ್ನು ಮೂಡುಬದಿಗೆ ಸರಿಸಿಟ್ಟಿದ್ದೇವೆ, ದಯವಿಟ್ಟು ಯಾರೂ ವಾಪಸ್ ಇಡಬೇಡಿ.