ಮಕ್ಕಳ ಸ್ವಂತ ವಾಕ್ಯಕ್ಕೆ ಅಂಕ ಕೊಡಿ

ಮಾನ್ಯ ಸಂಪಾದಕರೇ,

ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು ನಾನು. ಈಗಲೂ ಸಂಜೆ ಅಕ್ಕಪಕ್ಕದ ಕನ್ನಡ ಮಾಧ್ಯಮದ ಮಕ್ಕಳು ಹೋಂವರ್ಕ್ ಹಿಡಿದು ನಮ್ಮ ಜಗುಲಿಗೆ ಬರುತ್ತಾರೆ. ಅವರ ಪರವಾಗಿ ಈ ಪತ್ರ.

ರಾಜ್ಯ ಪಠ್ಯಕ್ರಮದ ಹತ್ತನೆಯ ತರಗತಿಯ ದ್ವಿತೀಯ ಭಾಷೆ ಇಂಗ್ಲಿಷಿನಲ್ಲಿ ‘ಕ್ವಾಲಿಟಿ ಆಫ್ ಮರ್ಸಿ’ ಎಂಬ ಪದ್ಯವಿದೆ. ಷೇಕ್ಸ್‌ಪಿಯರನ ‘ದಿ ಮರ್ಚೆಂಟ್ ಆಫ್ ವೆನಿಸ್’ ನಾಟಕದಲ್ಲಿ ನ್ಯಾಯವಾದಿಯ ವೇಷ ಧರಿಸಿ ಬಂದ ಪೋರ್ಷಿಯಾ ಆಡುವ ಮಾತು ಅದು. ಕರುಣೆ ಕೊಟ್ಟವರಿಗೂ ಪಡೆದವರಿಗೂ ಒಳ್ಳೆಯದು ಮಾಡುವುದು ಹೇಗೆ ಎಂಬ ಪ್ರಶ್ನೆಯೊಂದಿಗೆ ಇತ್ತೀಚೆಗೆ ಹುಡುಗಿಯೊಬ್ಬಳು ಬಂದಳು. ಗೈಡಿನ ಉತ್ತರ ಬಾಯಿಪಾಠವಾಗಿತ್ತು. ಪೋರ್ಷಿಯಾ ಯಾರು, ಯಾರಿಗೆ ಹೀಗೆ ಹೇಳುತ್ತಿದ್ದಾಳೆ ಎಂದರೆ ಮಾತಿಲ್ಲ. ಸಾಲ ತೀರದಿದ್ದಕ್ಕೆ ಆಂಟೋನಿಯೊನ ಮೈಯಿಂದ ಒಂದು ಪೌಂಡ್ ಮಾಂಸ ಕೊಯ್ದುಕೊಂಡೇ ತೀರುತ್ತೇನೆಂದು ಹಟ ಹಿಡಿದ ಶೈಲಾಕನ ಕಥೆಯನ್ನು ಕನ್ನಡದಲ್ಲೇ ಹೇಳಿದೆ. ದಯೆಯೇ ಧರ್ಮದ ಮೂಲವೆಂದ ಬಸವಣ್ಣನವರನ್ನು ಅವಳೇ ನೆನೆದಳು. ಆಮೇಲೆ ತನಗೆ ತಿಳಿದದ್ದನ್ನು ಇಂಗ್ಲಿಷಿನಲ್ಲಿ ಮೂರು ವಾಕ್ಯ ಮಾಡಿ ಬರೆದಳು. ಒಂದು ಕಡೆ ‘ದಿ’ ಬಿಟ್ಟುಹೋಗಿತ್ತು, ಇನ್ನೊಂದು ಕಡೆ ಕ್ರಿಯಾಪದದ ಕೊನೆಗೆ ‘ಎಸ್’ ಇರಲಿಲ್ಲ. ಅರ್ಥದಲ್ಲಿ ಎಳ್ಳಷ್ಟೂ ಗೊಂದಲವಿರಲಿಲ್ಲ. ಮರುದಿನ ಶಾಲೆಯಲ್ಲಿ ಆ ಮೂರೂ ವಾಕ್ಯಗಳ ಮೇಲೆ ಕೆಂಪು ಗೀಟು ಬಿತ್ತು, ನೋಟ್ಸಿನಲ್ಲಿರುವಂತೆಯೇ ಬರೆಯಬೇಕೆಂಬ ಸೂಚನೆಯೂ ಸಿಕ್ಕಿತು.

ಇದನ್ನು ಕಂಡು ನನಗೆ ಸಿಟ್ಟೂ ಬಂತು, ಸಂಕಟವೂ ಆಯಿತು. ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದದ್ದು 2007ರಲ್ಲಿ. ಇಷ್ಟು ವರ್ಷ ಕಲಿಸಿದ ಮೇಲೆ ಮಗು ತನ್ನದೇ ವಾಕ್ಯ ಬರೆದರೆ ಅದೇ ತಪ್ಪಾಗಬೇಕೇ? ಫಲಿತಾಂಶದ ಒತ್ತಡ ಏನೆಂದು ನನಗೆ ಗೊತ್ತು. ಆದರೆ 80 ಅಂಕಗಳ ಲಿಖಿತ ಪರೀಕ್ಷೆಯ ಜೊತೆಗಿರುವ 20 ಅಂಕಗಳ ಆಂತರಿಕ ಮೌಲ್ಯಮಾಪನ ಶಿಕ್ಷಕರ ಕೈಯಲ್ಲೇ ಇದೆ. ಅಲ್ಲಾದರೂ ಸ್ವಂತ ವಾಕ್ಯಕ್ಕೆ ಬೆಲೆ ಸಿಗಲಿ. ತಪ್ಪನ್ನು ತಿದ್ದಿ, ವಾಕ್ಯವನ್ನು ಉಳಿಸಿಕೊಡಿ.

ವ್ಯಾಕರಣದಲ್ಲೂ ಇದೇ ಪಾಡು. ಮಕ್ಕಳು ಎಡವುವುದು ದಡ್ಡತನದಿಂದಲ್ಲ, ಕನ್ನಡದ ಜಾಡಿನಲ್ಲಿ ನಡೆಯುವುದರಿಂದ. ಒಬ್ಬರ ಮಾತನ್ನು ಇನ್ನೊಬ್ಬರು ಹೇಳುವ ರಿಪೋರ್ಟೆಡ್ ಸ್ಪೀಚನ್ನೇ ನೋಡಿ. ‘ನಾನು ನಾಳೆ ಬರುತ್ತೇನೆ ಎಂದು ರವಿ ಹೇಳಿದ’ ಎನ್ನುತ್ತೇವೆ. ‘ಎಂದು’ ಸೇರಿಸಿದರೆ ಮುಗಿಯಿತು, ರವಿಯ ಮಾತು ಇದ್ದ ಹಾಗೇ ಉಳಿಯುತ್ತದೆ. ಇಂಗ್ಲಿಷಿನಲ್ಲಿ ‘ಐ’ ಹೋಗಿ ‘ಹಿ’ ಆಗಬೇಕು, ‘ವಿಲ್’ ಹೋಗಿ ‘ವುಡ್’ ಬರಬೇಕು, ‘ಟುಮಾರೊ’ ಕೂಡ ‘ದಿ ನೆಕ್ಸ್ಟ್ ಡೇ’ ಆಗಬೇಕು. ಈ ಬದಲಾವಣೆಗಳ ಪಟ್ಟಿ ಕೊಟ್ಟು ಉರು ಹೊಡೆಸುವ ಮೊದಲು, ‘ಈಗ ಹೇಳುತ್ತಿರುವುದು ರವಿಯಲ್ಲ, ನೀನು. ನೀನು ಹೇಳುವಾಗ ಅವನು ಯಾರು? ಅವನ ನಾಳೆ ನಿನಗೆ ಯಾವ ದಿನ?’ ಎಂದು ಕೇಳಿ ನೋಡಿ. ಪಟ್ಟಿಯ ಅರ್ಧವನ್ನು ಅವರೇ ಕಂಡುಕೊಳ್ಳುತ್ತಾರೆ. ವಾಕ್ಯದ ಕೊನೆಗೆ ಸೇರಿಸುವ ಪುಟ್ಟ ಪ್ರಶ್ನೆ, ಅಂದರೆ ಕ್ವೆಶ್ಚನ್ ಟ್ಯಾಗ್ ಕೂಡ ಹಾಗೆಯೇ. ನಮಗೆ ಎಲ್ಲದಕ್ಕೂ ‘ಅಲ್ಲವೇ’ ಸಾಕು, ಇಂಗ್ಲಿಷಿನಲ್ಲಿ ವಾಕ್ಯದ ಕ್ರಿಯಾಪದ ನೋಡಿಯೇ ಕಟ್ಟಬೇಕು.

ಈಗ ಪ್ರಶ್ನೆಯ ಫೋಟೊ ತೆಗೆದರೆ ಮೊಬೈಲೇ ಉತ್ತರ ಕೊಡುತ್ತದೆ. ಮನೆಯಲ್ಲಿ ಓದಿದ ಅಣ್ಣ ಅಕ್ಕಂದಿರೂ ಬೇಗ ಮುಗಿಯಲೆಂದು ತಾವೇ ಬರೆದುಕೊಡುತ್ತಾರೆ. ದಯವಿಟ್ಟು ಪೆನ್ನನ್ನು ಮಗುವಿನ ಕೈಯಲ್ಲೇ ಬಿಡಿ. ಮೊದಲು ಕನ್ನಡದಲ್ಲಿ ಹೇಳಿಸಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಸಿ. ಹೆಚ್ಚು ಹೊತ್ತು ಹಿಡಿಯುತ್ತದೆ, ನಿಜ.

ಇಂಗ್ಲಿಷ್ ಬಲ್ಲವರು ಮನೆಯಲ್ಲಿ ಯಾರೂ ಇಲ್ಲದ ಮಕ್ಕಳೇ ಹಳ್ಳಿಗಳಲ್ಲಿ ಹೆಚ್ಚು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅಲ್ಲಿ ಸಂಜೆ ಒಂದು ಗಂಟೆಯನ್ನು ಹೋಂವರ್ಕಿಗೆಂದೇ ಮೀಸಲಿಟ್ಟು, ಊರಿನ ನಿವೃತ್ತ ಶಿಕ್ಷಕರನ್ನೂ ಪದವಿ ಓದುತ್ತಿರುವವರನ್ನೂ ಕರೆಯಬೇಕೆಂದು ಪಂಚಾಯಿತಿಗಳನ್ನು ಕೇಳಿಕೊಳ್ಳುತ್ತೇನೆ. ಒಂದು ಬೋರ್ಡು, ಒಳ್ಳೆಯ ಇಂಗ್ಲಿಷ್–ಕನ್ನಡ ನಿಘಂಟು ಇದ್ದರೆ ಆರಂಭಿಸಬಹುದು. ನಮ್ಮ ಪಂಚಾಯಿತಿ ಕರೆದರೆ ನಾನು ಸಂಬಳವಿಲ್ಲದೆ ಬರಲು ಸಿದ್ಧಳಿದ್ದೇನೆ.

– ನಿವೃತ್ತ ಇಂಗ್ಲಿಷ್ ಶಿಕ್ಷಕಿ, ಸಾಗರ ತಾಲ್ಲೂಕು