ಕುತ್ತಿಗೆಗೂ ಸಾಮು ಬೇಕು ಕಣೋ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ವಾಯ್ಸ್ ಮೆಸೇಜ್ ಎರಡು ಸಲ ಕೇಳಿದೆ. ಬೆಳಿಗ್ಗೆ ಎದ್ದರೆ ಕತ್ತು ತಿರುಗುವುದಿಲ್ಲ, ಸಂಜೆಯಾದರೆ ಭುಜದವರೆಗೂ ಎಳೆತ ಅಂದೆ. ಕೊನೆಯಲ್ಲಿ ಇನ್ನೊಂದು ಮಾತು ಸೇರಿಸಿದೆ. ಎರಡು ವರ್ಷದಿಂದ ಜಿಮ್‌ಗೆ ಹೋಗುತ್ತಿದ್ದೇನೆ, ಎದೆ ತೋಳು ಎಲ್ಲ ತುಂಬಿವೆ, ಕತ್ತು ಮಾತ್ರ ಸಣಕಲಾಗೇ ಇದೆ, ಅದಕ್ಕೇನು ಮಾಡಲಿ ಅಂತ. ನೀನು ಇವನ್ನು ಎರಡು ಬೇರೆ ಪ್ರಶ್ನೆ ಅಂದುಕೊಂಡಿದ್ದೀಯ. ನನಗೆ ಒಂದೇ ಅನ್ನಿಸಿತು. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಜೊತೆಗಾರರಲ್ಲಿ ಎಷ್ಟೋ ಜನಕ್ಕೆ ಇದೇ ಗೋಳು. ಹಾಗಾಗಿ ನೀನು ಒಪ್ಪಿದ ಮೇಲೆ ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ.

ಆರು ವರ್ಷದ ಹಿಂದೆ ನನಗೂ ಹೀಗೇ ಆಗಿತ್ತು. ಎಕ್ಸ್‌ರೇ ತೆಗೆದು 'ಸವೆತ' ಅಂದರು. ಆ ಒಂದು ಪದ ಕೇಳಿ ನಾನು ಎಷ್ಟು ಹೆದರಿದೆ ಗೊತ್ತಾ? ಮೂಳೆಯೇ ಸವೆದುಹೋಗಿದೆ, ಇನ್ನು ಅಲ್ಲಾಡಿಸಬಾರದು ಅಂದುಕೊಂಡು ಎರಡು ತಿಂಗಳು ಕಾಲರ್ ಹಾಕಿದೆ. ಬಿಚ್ಚಿದಾಗ ನೋವು ಹಾಗೇ ಇತ್ತು. ಮೇಲಾಗಿ ತಲೆ ಹೊರುವ ಶಕ್ತಿಯೂ ಕಡಿಮೆಯಾಗಿತ್ತು. ನಮ್ಮ ವಯಸ್ಸಿನಲ್ಲಿ ನೋವೇ ಇಲ್ಲದವರ ಎಕ್ಸ್‌ರೇಯಲ್ಲೂ ಇಂಥ ಸವೆತ ಕಾಣುತ್ತದೆ ಎಂದು ಆಮೇಲೆ ಒಬ್ಬರು ಫಿಸಿಯೋಥೆರಪಿಸ್ಟ್ ಬಿಡಿಸಿ ಹೇಳಿದರು. ಕೂದಲು ನರೆತ ಹಾಗೆ ಅದು. 'ನಿಮ್ಮ ಕತ್ತಿಗೆ ವಿಶ್ರಾಂತಿ ಸಾಕು, ಈಗ ಕೆಲಸ ಕೊಡಿ' ಅಂದರು. ಆ ಮಾತಿನಿಂದಲೇ ನನ್ನ ದಾರಿ ಬದಲಾಯಿತು.

ನಮ್ಮ ತಲೆ ಸುಮಾರು 5 ಕಿಲೋ ತೂಗುತ್ತದೆ. ಅದನ್ನು ಹೊತ್ತಿರುವುದು 7 ಸಣ್ಣ ಮೂಳೆಗಳು, ಸುತ್ತ ಇರುವ ಸ್ನಾಯುಗಳು. ತಲೆ ನೆಟ್ಟಗಿದ್ದರೆ ಸರಿ. ಮೊಬೈಲ್ ನೋಡಲು ಬಗ್ಗಿಸಿದರೆ ಹೊರೆ ಏರುತ್ತಾ ಹೋಗುತ್ತದೆ. ಅಮೆರಿಕದ ಬೆನ್ನುಮೂಳೆ ತಜ್ಞ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಇದರ ಲೆಕ್ಕ ಹಾಕಿದರು. 60 ಡಿಗ್ರಿ ಬಗ್ಗಿದಾಗ ಕತ್ತಿನ ಮೇಲೆ 27 ಕಿಲೋದಷ್ಟು ಭಾರ ಬೀಳುತ್ತದಂತೆ. ಅರ್ಧ ಮೂಟೆ ಸಿಮೆಂಟಿಗಿಂತ ಜಾಸ್ತಿ! ಅದು ಕಾಗದದ ಮೇಲಿನ ಲೆಕ್ಕ, ನಿಜ. ಆದರೂ ದಿನಕ್ಕೆ ಎಂಟು ಗಂಟೆ ಬಗ್ಗಿ ಕೂರುವ ನಿನ್ನ ಸಂಜೆಯ ಎಳೆತ ಎಲ್ಲಿಂದ ಬರುತ್ತದೆ ಅನ್ನೋದು ಅರ್ಥವಾಗುತ್ತದೆ, ಅಲ್ವಾ?

ಚಿಕ್ಕಂದಿನಲ್ಲಿ ಮೈಸೂರಿನ ತಾತನ ಮನೆಗೆ ಹೋದಾಗಲೆಲ್ಲ ಗರಡಿ ಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಪೈಲ್ವಾನರ ಕತ್ತು ಎಲ್ಲಿ ಮುಗಿದು ಭುಜ ಎಲ್ಲಿ ಶುರುವಾಗುತ್ತದೆ ಎಂದೇ ಗೊತ್ತಾಗುತ್ತಿರಲಿಲ್ಲ. ಅದು ಅಂದಕ್ಕಾಗಿ ಬೆಳೆಸಿದ್ದಲ್ಲ. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿ ಚಿತ್ ಆದರೆ ಸೋತ ಹಾಗೆ. ಕೆಳಗೆ ಬಿದ್ದವನು ತಲೆಯನ್ನು ಮಣ್ಣಿಗೆ ಊರಿ, ಮೈಯನ್ನು ಸೇತುವೆಯ ಹಾಗೆ ಬಗ್ಗಿಸಿ, ಭುಜ ತಾಗದಂತೆ ತಡೆಯುತ್ತಾನೆ. ಅಷ್ಟು ಹೊತ್ತು ಎದುರಾಳಿಯ ಭಾರವೂ ಅವನ ಕತ್ತಿನ ಮೇಲೆ. ಅದಕ್ಕೇ ಇಬ್ಬರು ಎದುರುಬದುರು ನಿಂತು ಒಬ್ಬರ ಕತ್ತಿಗೆ ಒಬ್ಬರು ಕೈ ಹಾಕಿ ಜಗ್ಗಾಡುತ್ತಿದ್ದರು. ಉಸ್ತಾದರು ಹೊಸ ಹುಡುಗರನ್ನು ಆ ಸೇತುವೆಗೆ ಬಿಡುತ್ತಲೇ ಇರಲಿಲ್ಲ. ತಿಂಗಳುಗಟ್ಟಲೆ ದಂಡ, ಬಸ್ಕಿ, ಮಟ್ಟಿ ಅಂದರೆ ಗರಡಿಯ ಮಣ್ಣು ಅಗೆಯುವ ಕೆಲಸ. ಆಮೇಲೇ ಮಿಕ್ಕಿದ್ದು. ನೀನು ವಿಡಿಯೋ ನೋಡಿ ನೇರ ಸೇತುವೆಗೇ ಇಳಿಯಬೇಡ. ನೋವಿರುವ ಕತ್ತಿಗೆ ಅದೂ ಬೇಡ, ಶೀರ್ಷಾಸನವೂ ಬೇಡ.

ಜಿಮ್‌ಗೆ ಹೋದರೂ ಕತ್ತು ಯಾಕೆ ಬೆಳೆಯಲಿಲ್ಲ ಅಂದೆಯಲ್ಲ. ಅದಕ್ಕೆ ಪರೀಕ್ಷೆ ಮಾಡಿಯೇ ಉತ್ತರ ಕಂಡುಕೊಂಡಿದ್ದಾರೆ. 1997ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಕೆಲವರಿಗೆ 12 ವಾರ ಸ್ಕ್ವಾಟ್, ಡೆಡ್‌ಲಿಫ್ಟ್‌ನಂಥ ಭಾರ ಎತ್ತುವ ವ್ಯಾಯಾಮ ಮಾತ್ರ ಮಾಡಿಸಿದರು. ಇನ್ನು ಕೆಲವರಿಗೆ ಅದರ ಜೊತೆ ತಲೆಗೆ ಭಾರ ಕಟ್ಟಿ ಹಿಂದಕ್ಕೆ ಎತ್ತುವುದನ್ನೂ ಮಾಡಿಸಿದರು. ಮೊದಲಿನವರ ಕತ್ತಿನ ಸ್ನಾಯು ಬೆಳೆಯಲೇ ಇಲ್ಲ. ಎರಡನೆಯವರದು ಸುಮಾರು 13 ಪರ್ಸೆಂಟ್ ದಪ್ಪಗಾಯಿತು. ಎಷ್ಟೇ ಭಾರ ಎತ್ತು, ಕತ್ತಿಗೆ ಅಂತಲೇ ಕೆಲಸ ಕೊಡದಿದ್ದರೆ ಅದು ಇದ್ದ ಹಾಗೇ ಇರುತ್ತದೆ.

ನೋವಿನ ವಿಷಯದಲ್ಲೂ ಹಾಗೇ. ಫಿನ್‌ಲೆಂಡಿನಲ್ಲಿ ಬಹುಕಾಲದ ಕುತ್ತಿಗೆ ನೋವಿದ್ದ, ಆಫೀಸಿನಲ್ಲಿ ಕೆಲಸ ಮಾಡುವ 180 ಹೆಂಗಸರ ಮೇಲೆ ಒಂದು ವರ್ಷ ಪರೀಕ್ಷೆ ನಡೆಯಿತು. ಅದು ಪ್ರಕಟವಾದದ್ದು 2003ರಲ್ಲಿ. ರಬ್ಬರ್ ಬ್ಯಾಂಡ್ ಹಾಕಿ ಕತ್ತಿಗೆ ಬಲ ಕೊಟ್ಟವರ ನೋವು, ಸುಮ್ನೆ ಸ್ಟ್ರೆಚಿಂಗ್ ಮಾಡಿಕೊಂಡಿದ್ದವರಿಗಿಂತ ಚೆನ್ನಾಗಿ ಇಳಿಯಿತು. ಇದನ್ನು ಓದಿದಾಗ ಆ ಎರಡು ತಿಂಗಳ ಕಾಲರ್ ನೆನೆದು ನನಗೆ ನಿಜಕ್ಕೂ ಹೊಟ್ಟೆ ಉರಿಯಿತು.

ಶುರು ಮಾಡುವ ಮುಂಚೆ ಒಂದು ಮಾತು. ಕೈ ಜೋಮು ಹಿಡಿಯುತ್ತಿದ್ದರೆ, ಹಿಡಿತ ಸಡಿಲವಾಗಿ ಶರ್ಟಿನ ಗುಂಡಿ ಹಾಕಲು ಕಷ್ಟವಾಗುತ್ತಿದ್ದರೆ, ನಡೆಯುವಾಗ ತೂರಾಡುವಂತಾದರೆ, ಮೂತ್ರದ ಹಿಡಿತ ತಪ್ಪಿದರೆ, ನೋವಿನ ಜೊತೆ ಜ್ವರ ಬಂದರೆ, ಅಥವಾ ಗಾಡಿಯಿಂದ ಬಿದ್ದ ಮೇಲೆ ನೋವು ಶುರುವಾಗಿದ್ದರೆ ಈ ಪತ್ರ ಮಡಿಚಿಟ್ಟು ಮೊದಲು ಡಾಕ್ಟರ ಹತ್ತಿರ ಹೋಗು. ಇನ್ನೊಂದು, ಸಲೂನಿನಲ್ಲಿ ಕ್ಷೌರ ಮುಗಿದ ಮೇಲೆ ತಲೆ ಹಿಡಿದು 'ಲಟಕ್' ಅನ್ನಿಸುತ್ತಾರಲ್ಲ, ದಯವಿಟ್ಟು ಬೇಡ ಅನ್ನು. ಮೆದುಳಿಗೆ ರಕ್ತ ಒಯ್ಯುವ ನಾಳಗಳು ಕತ್ತಿನೊಳಗೇ ಹಾದುಹೋಗುತ್ತವೆ. ಹಾಗೆ ತಟ್ಟನೆ ತಿರುಚಿದಾಗ ನಾಳದ ಒಳಪದರ ಹರಿದು ಲಕ್ವ ಹೊಡೆದದ್ದುಂಟು. 2024ರಲ್ಲಿ ಬಳ್ಳಾರಿ ಕಡೆಯ ಯುವಕನೊಬ್ಬನಿಗೆ ಹೀಗಾದ ಸುದ್ದಿ ಪೇಪರಿನಲ್ಲೇ ಬಂದಿತ್ತು.

ಸರಿ, ಈಗ ಸಾಮು. ಮೊದಲ ಎರಡು ವಾರ ಎರಡೇ. ಗೋಡೆಗೆ ಬೆನ್ನು ಕೊಟ್ಟು ಕೂತು, ಗದ್ದವನ್ನು ಮೇಲಕ್ಕೂ ಕೆಳಕ್ಕೂ ಮಾಡದೆ ನೇರವಾಗಿ ಹಿಂದಕ್ಕೆ ಎಳೆದುಕೋ, ಬೀರುವಿನ ಡ್ರಾಯರ್ ಒಳಗೆ ತಳ್ಳಿದ ಹಾಗೆ. ಗದ್ದದ ಕೆಳಗೆ ಇನ್ನೊಂದು ಗದ್ದ ಮೂಡಿದರೆ ಸರಿಯಾಗಿದೆ ಅಂತ ಅರ್ಥ. 5 ಸೆಕೆಂಡ್ ಹಿಡಿ, ಬಿಡು. ಹತ್ತು ಸಲ, ದಿನಕ್ಕೆ ಎರಡು ಮೂರು ಹೊತ್ತು. ಸುಲಭ ಅನ್ನಿಸುತ್ತದೆ. ಆದರೆ ಕತ್ತಿನ ಮುಂಭಾಗದ ಒಳಗಿನ ಸ್ನಾಯುಗಳು ಎದ್ದೇಳುವುದೇ ಇದರಿಂದ. ನನಗೆ ಮೊದಲ ನಾಲ್ಕು ದಿನ ಕತ್ತಿನ ಬುಡದಲ್ಲಿ ಬಿಗಿತ ಇತ್ತು, ವಾರದೊಳಗೆ ಹೋಯಿತು.

ಎರಡನೆಯದು ಅಂಗೈ ಒತ್ತುವುದು. ಅಂಗೈಯನ್ನು ಹಣೆಗೆ ಇಟ್ಟು ತಲೆಯಿಂದ ಒತ್ತು, ಕೈಯಿಂದ ತಡೆ. ತಲೆ ಅಲ್ಲಾಡಬಾರದು. ಆಮೇಲೆ ತಲೆಯ ಹಿಂದೆ, ಆಮೇಲೆ ಎರಡೂ ಪಕ್ಕ. ಒಂದೊಂದು ಕಡೆ 6 ಸೆಕೆಂಡ್, ಐದು ಸಲ. ಶುರುವಿನಲ್ಲಿ ಅರ್ಧ ಬಲ ಸಾಕು. ಉಸಿರು ಕಟ್ಟಬೇಡ, ನಿನಗೆ ಬಿಪಿ ಬೇರೆ ಇದೆ. ಸಣ್ಣಗೆ ಎಣಿಸುತ್ತಾ ಮಾಡಿದರೆ ಉಸಿರು ತಾನಾಗೇ ಆಡುತ್ತದೆ.

ಕತ್ತು ಒಂಟಿಯಾಗಿ ಕೆಲಸ ಮಾಡುವುದಿಲ್ಲ ಕಣೋ. ಅದರ ಬುಡ ಭುಜ ಮತ್ತು ಮೇಲ್ಬೆನ್ನಿನಲ್ಲಿದೆ. ಆ ಎರಡು ವಾರ ಕಳೆದ ಮೇಲೆ, ಎರಡು ಕೈಯಲ್ಲಿ ನೀರು ತುಂಬಿದ ಬಕೆಟ್ ಹಿಡಿದು ಭುಜವನ್ನು ಕಿವಿಯ ಕಡೆಗೆ ನಿಧಾನವಾಗಿ ಎತ್ತಿ ಇಳಿಸು. ಹತ್ತು ಲೀಟರ್ ಅಂದರೆ ಹತ್ತು ಕಿಲೋ, ಬೇರೆ ಡಂಬೆಲ್ ಬೇಕಿಲ್ಲ. ಆಮೇಲೆ ಅದೇ ಬಕೆಟ್ ಹಿಡಿದು ನೆಟ್ಟಗೆ ನಡೆ. ಡೆನ್ಮಾರ್ಕಿನಲ್ಲಿ 2011ರ ಒಂದು ಅಧ್ಯಯನದಲ್ಲಿ ರಬ್ಬರ್ ಟ್ಯೂಬ್ ಹಿಡಿದು ತೋಳನ್ನು ಪಕ್ಕಕ್ಕೆ ಎತ್ತುವ ಒಂದೇ ವ್ಯಾಯಾಮವನ್ನು ದಿನಕ್ಕೆ 2 ನಿಮಿಷ, ವಾರಕ್ಕೆ ಐದು ದಿನ ಮಾಡಿಸಿದರು. ಹತ್ತು ವಾರದಲ್ಲಿ ಕತ್ತು ಮತ್ತು ಭುಜದ ನೋವು ಇಳಿದಿತ್ತು. ಟೈಮ್ ಇಲ್ಲ ಅನ್ನುವ ನಿನಗಾಗಿಯೇ ಇದನ್ನು ಬರೆದೆ.

ನೋವು ಹತೋಟಿಗೆ ಬಂದ ಮೇಲೆ, ಬಹುಶಃ ಎರಡು ತಿಂಗಳಿಗೆ, ಬೆಳೆಸುವ ಕೆಲಸ. ಮಂಚದ ಮೇಲೆ ಅಂಗಾತ ಮಲಗಿ ತಲೆಯನ್ನು ಅಂಚಿನಿಂದ ಆಚೆ ಬಿಡು. ಗದ್ದ ಎಳೆದುಕೊಂಡು ತಲೆಯನ್ನು ಮೇಲಕ್ಕೆತ್ತಿ, ಮೂರು ಎಣಿಸುತ್ತಾ ಇಳಿಸು. 15 ಸಲ. ಬೋರಲು ಮಲಗಿ ಹಿಂದಕ್ಕೂ ಹಾಗೇ. 20 ಸಲ ಆರಾಮಾಗಿ ಬಂದರೆ ಮಾತ್ರ ತಲೆಯ ಮೇಲೆ ಟವೆಲ್ ಮಡಿಸಿಟ್ಟು ಅದರ ಮೇಲೆ ಒಂದು ಕಿಲೋ ಭಾರ ಇಡು. ವಾರಕ್ಕೆ ಎರಡು ಮೂರು ದಿನ ಸಾಕು, ಸ್ನಾಯು ಬೆಳೆಯುವುದು ಬಿಡುವಿನ ದಿನಗಳಲ್ಲೇ. ಜೊತೆಗೆ ಬೇಳೆ, ಮೊಟ್ಟೆ, ಮೊಸರು ಜಾಸ್ತಿ ಮಾಡು. ಗಂಟಲ ಮಣಿಯ ಕೆಳಗೆ ಟೇಪು ಸುತ್ತಿ ತಿಂಗಳಿಗೊಮ್ಮೆ ಅಳೆ. ನನ್ನದು ಎಂಟು ತಿಂಗಳಲ್ಲಿ ಒಂದು ಇಂಚು ಏರಿತು.

ಒಂದು ವ್ಯತ್ಯಾಸ ಮಾತ್ರ ನೆನಪಿಡು. ಕೊಬ್ಬಿನಿಂದ ದಪ್ಪಗಾದ ಕತ್ತು ಬೇರೆ. ಗಂಡಸರಿಗೆ 17 ಇಂಚು ದಾಟಿ, ಜೋರು ಗೊರಕೆಯೂ ಇದ್ದು, ಹಗಲೆಲ್ಲ ನಿದ್ದೆ ತೂಗುತ್ತಿದ್ದರೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರಬಹುದು. ನಿಮ್ಮ ಅಣ್ಣನಿಗೆ ಇದನ್ನು ಓದಿ ಹೇಳು, ಪರೀಕ್ಷೆ ಮಾಡಿಸಿಕೊಳ್ಳಲಿ.

ಲ್ಯಾಪ್‌ಟಾಪ್ ಕೆಳಗೆ ನಾಲ್ಕು ದಪ್ಪ ಪುಸ್ತಕ ಇಟ್ಟು ಪರದೆಯನ್ನು ಕಣ್ಣಿನ ಮಟ್ಟಕ್ಕೆ ತಂದುಕೋ. ಎರಡು ದಿಂಬು ಬಿಟ್ಟು ಒಂದಕ್ಕೆ ಬಾ.

ಎರಡು ವಾರ ಮಾಡಿ ಭಾನುವಾರ ಬೆಳಿಗ್ಗೆ ಫೋನ್ ಮಾಡು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಮಾತಾಡುವ ಅಭ್ಯಾಸ ನಿನಗೆ ಕಾಲೇಜಿನಿಂದಲೂ ಇದೆ. ಇಯರ್‌ಫೋನ್ ಹಾಕಿಕೊಂಡೇ ಮಾಡು.

ನಿನ್ನ ಪ್ರೀತಿಯ,
ಗೆಳೆಯ